ಬೂಷ್ಟು ಕಾಯುವುದಿಲ್ಲ, ಕಾನೂನು ಕಾಯಿಸುತ್ತದೆ

ಜುಲೈ ತಿಂಗಳಲ್ಲಿ ಮಡಿಕೇರಿಯ ಯಾವುದಾದರೂ ಹಳೇ ಮನೆಯ ಪುಸ್ತಕದ ಕಪಾಟು ತೆಗೆಯಿರಿ. ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ರಟ್ಟಿನ ಮೇಲೆ ಬೂದು ಬೂಷ್ಟು. ಬೆನ್ನಿನ ಅಂಟು ತಿನ್ನುತ್ತಾ, ಬೆಳಕು ಬಿದ್ದ ಕೂಡಲೇ ಸರ್ರನೆ ಓಡುವ ಬೆಳ್ಳಿ ಬಣ್ಣದ ಹುಳ. ಪುಟ ತಿರುಗಿಸಿದರೆ ಅದರ ಮೂಲೆ ಮುರಿದು ಕೈಗೆ ಬರುತ್ತದೆ.

ಹುಳ, ಬೂಷ್ಟು ಹೊರಗಿನಿಂದ ಬಂದವು. ಕಾಗದ ತನ್ನೊಳಗೇ ಇನ್ನೊಂದು ಕಾಟವನ್ನು ಇಟ್ಟುಕೊಂಡಿದೆ. 19ನೇ ಶತಮಾನದ ಮಧ್ಯದಿಂದ ಮರದ ತಿರುಳಿನಿಂದ ಅಗ್ಗದ ಕಾಗದ ಮಾಡತೊಡಗಿದರು. ಶಾಯಿ ಹರಡಬಾರದೆಂದು ಅದಕ್ಕೆ ರಾಳ ಮತ್ತು ಪಟಿಕ ಸೇರಿಸುತ್ತಿದ್ದರು. ಪಟಿಕದಿಂದ ಕಾಗದದೊಳಗೆ ಆಮ್ಲ ಹುಟ್ಟುತ್ತದೆ. ಆ ಆಮ್ಲ ಸೆಲ್ಯುಲೋಸಿನ ಉದ್ದನೆಯ ಎಳೆಗಳನ್ನು ತುಂಡು ತುಂಡು ಮಾಡುತ್ತದೆ. ತೇವ ಜಾಸ್ತಿಯಾದಷ್ಟೂ ಈ ಕೆಲಸ ಚುರುಕು. ಕೊಡಗಿನಲ್ಲಿ ತೇವಕ್ಕೇನು ಬರ?

ಹಾಗಾದರೆ ಸ್ಕ್ಯಾನ್ ಮಾಡಿಬಿಟ್ಟರಾಯಿತು, ಅಲ್ವಾ? ಆಯಿತು. ಆದರೆ ಸುಮ್ನೆ ಮೊಬೈಲಿನಲ್ಲಿ ಕ್ಲಿಕ್ಕಿಸಿದರೆ ಸಾಲದು. ಸಾಮಾನ್ಯವಾಗಿ ಒಂದು ಇಂಚಿಗೆ 300 ಚುಕ್ಕಿ ಇರಬೇಕು ಅನ್ನುತ್ತಾರೆ. ಎ4 ಅಳತೆಯ ಒಂದು ಪುಟಕ್ಕೆ ಇದು ಸುಮಾರು 87 ಲಕ್ಷ ಚುಕ್ಕಿ. ಕನ್ನಡಕ್ಕೆ ಇಷ್ಟು ಬೇಕೇ ಬೇಕು. ‘ದ’ ಮತ್ತು ‘ಧ’ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಗೀಟು ಮಾತ್ರ. ಚಿತ್ರ ಮಸುಕಾಗಿ ಆ ಗೀಟು ಹೋದರೆ, ಅಕ್ಷರ ಗುರುತಿಸುವ ತಂತ್ರಾಂಶ ‘ಧನ’ವನ್ನು ‘ದನ’ ಮಾಡುತ್ತದೆ. ಒತ್ತಕ್ಷರಗಳ ಪಾಡು ಇನ್ನೂ ಕಷ್ಟ. ಕನ್ನಡ ಲಿಪಿಯಲ್ಲಿ ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಇದ್ದರಂತೂ ಕನ್ನಡ ಪದಗಳನ್ನಷ್ಟೇ ಕಲಿತ ಯಂತ್ರ ಹೆಜ್ಜೆಹೆಜ್ಜೆಗೂ ಎಡವುತ್ತದೆ.

ಇನ್ನು ಕಾನೂನು. ಜೆರಾಕ್ಸ್ ಮಾಡಿದರೂ ಸ್ಕ್ಯಾನ್ ಮಾಡಿದರೂ ಅದು ಪ್ರತಿ ಮಾಡಿದಂತೆಯೇ. ಪುಸ್ತಕ ನೀವು ಕಾಸು ಕೊಟ್ಟು ತಂದಿದ್ದಿರಬಹುದು, ಪ್ರತಿ ಮಾಡುವ ಹಕ್ಕು ಬರೆದವರದ್ದು. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಆ ಹಕ್ಕು ಲೇಖಕರು ಬದುಕಿರುವವರೆಗೂ ಇರುತ್ತದೆ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಇರುತ್ತದೆ. ಎಣಿಕೆ ಶುರುವಾಗುವುದು ಮರುವರ್ಷದ ಜನವರಿ 1ರಿಂದ. ಮೊದಲು ಇದು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ಟ್ಯಾಗೋರರ ಕೃತಿಗಳು ಎಲ್ಲರ ಪಾಲಾಗುವ ಹೊತ್ತಿಗೆ, 1992ರಲ್ಲಿ, ಅದಕ್ಕೆ ಹತ್ತು ವರ್ಷ ಸೇರಿಸಿದರು.

ಕೊಡಗಿನವರ ಮೇಲೆ ಈ ಲೆಕ್ಕ ಹಾಕಿ ನೋಡೋಣ. ಕೊಡವ ಹಾಡುಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದ ನಡಿಕೇರಿಯಂಡ ಚಿಣ್ಣಪ್ಪ ತೀರಿಕೊಂಡದ್ದು 1931ರಲ್ಲಿ. ಕತೆಗಾರ್ತಿ ಕೊಡಗಿನ ಗೌರಮ್ಮ 1939ರಲ್ಲಿ. ನಾಟಕ ಬರೆದ ಅಪ್ಪಚ್ಚ ಕವಿ 1944ರಲ್ಲಿ. ಈ ಮೂವರ ಅವಧಿಯೂ ಯಾವತ್ತೋ ಮುಗಿದಿದೆ. ಯಾರನ್ನೂ ಕೇಳದೆ ಸ್ಕ್ಯಾನ್ ಮಾಡಬಹುದು, ಹಂಚಬಹುದು. ಒಂದೇ ಎಚ್ಚರ: ಚಿಣ್ಣಪ್ಪನವರ ಪುಸ್ತಕಕ್ಕೆ 2003ರಲ್ಲಿ ಬಂದ ಇಂಗ್ಲಿಷ್ ಅನುವಾದಕ್ಕೆ ಬೇರೆಯದೇ ಹಕ್ಕುಸ್ವಾಮ್ಯ ಇದೆ. ಮೂಲ ಎಲ್ಲರದ್ದು, ಅನುವಾದ ಅನುವಾದಕರದ್ದು. ಕಾದಂಬರಿಕಾರ ಭಾರತೀಸುತರು ತೀರಿಕೊಂಡದ್ದು 1976ರಲ್ಲಿ. ಅವರ ಪುಸ್ತಕಗಳು ಮುಕ್ತವಾಗುವುದು 2037ರ ಜನವರಿ 1ಕ್ಕೆ. ಅಷ್ಟರೊಳಗೆ ಕಪಾಟಿನ ಪ್ರತಿ ಇನ್ನೂ ಹತ್ತಾರು ಮಳೆಗಾಲ ದಾಟಬೇಕು.

ಜನ ಇಲ್ಲೇ ಎರಡು ಬೇರೆ ಕೆಲಸಗಳನ್ನು ಒಂದೇ ಅಂದುಕೊಳ್ಳುತ್ತಾರೆ. ಉಳಿಸುವುದು ಒಂದು, ಹಂಚುವುದು ಇನ್ನೊಂದು. ಉಳಿಸುವುದಕ್ಕೆ ನಮ್ಮ ಕಾನೂನು ಅಂಥಾ ಅಡ್ಡಿಯೇನೂ ಮಾಡುವುದಿಲ್ಲ. ಲಾಭಕ್ಕೆ ನಡೆಸದ ಸಾರ್ವಜನಿಕ ಗ್ರಂಥಾಲಯ, ತನ್ನಲ್ಲಿ ಈಗಾಗಲೇ ಇರುವ ಅಚ್ಚಿನ ಪುಸ್ತಕವನ್ನು ಕಾಪಾಡಲು ಡಿಜಿಟಲ್ ಪ್ರತಿ ಮಾಡಿ ಇಟ್ಟುಕೊಳ್ಳಬಹುದು ಎಂದು 2012ರ ತಿದ್ದುಪಡಿ ಹೇಳುತ್ತದೆ. ಓದಿಗೆ, ಸಂಶೋಧನೆಗೆ ಎಂದು ಸ್ವಂತಕ್ಕೆ ನ್ಯಾಯವಾದ ಮಿತಿಯಲ್ಲಿ ಪ್ರತಿ ಮಾಡಿಕೊಳ್ಳಲೂ ಜಾಗ ಇದೆ. ಕಣ್ಣು ಕಾಣದವರಿಗಾಗಿ ಓದಿಸಬಲ್ಲ ರೂಪಕ್ಕೆ ತಂದು ಕೊಡುವುದಕ್ಕೂ ಅದೇ ತಿದ್ದುಪಡಿ ದಾರಿ ಮಾಡಿತು. ಸ್ಕ್ಯಾನ್ ಮಾಡಿದ್ದನ್ನು ಊರಿಗೆಲ್ಲ ಬಿಟ್ಟಾಗಲೇ ತಕರಾರು.

ಅಮೆರಿಕದ ಎರಡು ಮೊಕದ್ದಮೆಗಳಲ್ಲೂ ನಡೆದದ್ದು ಇದೇ. ಗೂಗಲ್ ಕೋಟಿಗಟ್ಟಲೆ ಪುಸ್ತಕ ಸ್ಕ್ಯಾನ್ ಮಾಡಿತು, ಆದರೆ ಹಕ್ಕು ಇನ್ನೂ ಮುಗಿಯದ ಪುಸ್ತಕಗಳಲ್ಲಿ ಹುಡುಕಿದವರಿಗೆ ಕೆಲವೇ ಸಾಲು ತೋರಿಸಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿತು. ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯ ತಾನು ಸ್ಕ್ಯಾನ್ ಮಾಡಿದ ಇಡೀ ಪುಸ್ತಕವನ್ನೇ ಎರವಲು ಕೊಟ್ಟಿತು. 2024ರಲ್ಲಿ ಸೋತಿತು.

ನನಗೆ ಬೇಸರ ತರಿಸುವುದು ವಾರಸುದಾರರೇ ಸಿಗದ ಪುಸ್ತಕಗಳ ಗತಿ. ಶಾಲೆಯ ಬೆಳ್ಳಿಹಬ್ಬಕ್ಕೆ, ಸಂಘದ ವಾರ್ಷಿಕೋತ್ಸವಕ್ಕೆ ತಂದ ಸ್ಮರಣ ಸಂಚಿಕೆಗಳು ಇವೆಯಲ್ಲ, ಒಂದೊಂದರಲ್ಲೂ ಮೂವತ್ತು ನಲವತ್ತು ಜನ ಬರೆದಿರುತ್ತಾರೆ. ನಡುವೆ ಕಾಫಿ ವ್ಯಾಪಾರಿಗಳ, ಬಸ್ ಮಾಲೀಕರ ಜಾಹೀರಾತು. ಹಳೇ ಊರು ಹೇಗಿತ್ತು ಅಂತ ತಿಳಿಯಲು ಇದಕ್ಕಿಂತ ಒಳ್ಳೇ ದಾಖಲೆ ಸಿಗುವುದು ಕಷ್ಟ. ಆದರೆ ಪ್ರತಿ ಲೇಖನಕ್ಕೂ ಬೇರೆ ಬೇರೆ ಹಕ್ಕುದಾರರು. ಬರೆದವರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಇಂಥವಕ್ಕೆ ಪರವಾನಗಿ ಪಡೆಯುವ ದಾರಿಯೊಂದು ಕಾಯ್ದೆಯಲ್ಲಿದೆ, ಸರಿ. ಅದಕ್ಕೆ ಮೊದಲು ದೇಶದ ಹೆಚ್ಚಿನ ಭಾಗದಲ್ಲಿ ಹೋಗುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆಮೇಲೆ ಅರ್ಜಿ ಹಾಕಬೇಕು. ಸೋಮವಾರಪೇಟೆಯ ಶಾಲೆಯೊಂದರ ಹಳೇ ಸಂಚಿಕೆಗಾಗಿ ಯಾರು ಇಷ್ಟೆಲ್ಲ ಮಾಡುತ್ತಾರೆ? ಅಂಗಡಿಯಲ್ಲಿ ಸಿಗದ, ಯಾರಿಗೂ ಒಂದು ಪೈಸೆ ತರದ ಬರಹವನ್ನೂ ಅಷ್ಟು ವರ್ಷ ಕಟ್ಟಿಹಾಕುವುದು ನನ್ನ ಮಟ್ಟಿಗೆ ಕೆಟ್ಟ ಕಾನೂನು.

ಹಾಗಂತ ವಾಟ್ಸಾಪ್ ಗುಂಪಿನಲ್ಲಿ ‘ಪಿಡಿಎಫ್ ಇದ್ರೆ ಕಳ್ಸಿ’ ಅನ್ನುವವರ ಪರ ನಾನಿಲ್ಲ. ಅಲ್ಲಿ ಓಡಾಡುವುದು ಬೂಷ್ಟು ಹಿಡಿದ ಪುಸ್ತಕಗಳಲ್ಲ, ಹೋದ ತಿಂಗಳು ಬಂದವು. ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಸಾವಿರ ಪ್ರತಿಗೇ ನಿಲ್ಲುತ್ತವೆ. ಅದರಲ್ಲಿ ಇನ್ನೂರು ಜನ ಪುಕ್ಕಟೆ ಓದಿದರೆ ಪ್ರಕಾಶಕರು ಮುಂದಿನ ಪುಸ್ತಕ ಹಾಕಲು ಹಿಂದೆಮುಂದೆ ನೋಡುತ್ತಾರೆ. ಸಾವಿರಾರು ಕಿಲೋಮೀಟರ್ ದೂರದ ದೊಡ್ಡ ಕಂಪನಿಗೆ ಆಗುವ ನಷ್ಟವಲ್ಲ ಇದು.

ಕಾನೂನು ಬಿಟ್ಟರೂ ಮನಸ್ಸು ಒಪ್ಪದ ಸಂದರ್ಭಗಳೂ ಇವೆ. ದುಡಿ ಬಡಿಯುತ್ತಾ ನಾಲ್ವರು ಹಾಡುವ ಕೊಡವರ ಜನಪದ ಹಾಡು ಬಾಳೊಪಾಟ್‌ಗೆ ಲೇಖಕರೇ ಇಲ್ಲ, ಹಾಡು ಎಲ್ಲರದ್ದು. ಆದರೆ ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ 50 ವರ್ಷದ ಹಕ್ಕಿದೆ. ಒಂದು ಕುಟುಂಬದ ಸಾವಿನ ಮನೆಯಲ್ಲಿ ಹಾಡಿದ್ದು ರೆಕಾರ್ಡ್ ಆಗಿದ್ದರೆ, 50 ವರ್ಷ ಕಳೆದ ಮೇಲೂ ಅವರನ್ನು ಕೇಳದೆ ಯೂಟ್ಯೂಬಿಗೆ ಹಾಕಲು ನನಗಂತೂ ಕೈ ಬರುವುದಿಲ್ಲ.

ಕೇಳಿದರೆ ಕೊಡುವವರೂ ಇದ್ದಾರೆ. ಘಟ್ಟದ ಕೆಳಗಿನ ಕಾದಂಬರಿಕಾರ ನಿರಂಜನರ ಕೃತಿಗಳು ಲೆಕ್ಕದ ಪ್ರಕಾರ 2052ರ ಕೊನೆಯವರೆಗೂ ಬೀಗದೊಳಗೆ ಇರಬೇಕಿತ್ತು. ಅವರ ಮಗಳು 2014ರಲ್ಲೇ ಅವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ನಮ್ಮ ಕಡೆಯ ಕುಟುಂಬಗಳೂ ಹೀಗೆ ಮಾಡಬಹುದು. ಯಾವ ಪುಸ್ತಕ, ಅದನ್ನು ಏನೇನು ಮಾಡಬಹುದು, ಸಹಿ, ತಾರೀಕು ಇಷ್ಟಿರುವ ಒಂದು ಪುಟದ ಪತ್ರದಿಂದ ಶುರುಮಾಡಬಹುದು. ಹಕ್ಕು ಮಕ್ಕಳಿಗೆಲ್ಲ ಹಂಚಿಹೋಗಿದ್ದರೆ ಎಲ್ಲರ ಸಹಿಯೂ ಬೇಕು. ಜಾಸ್ತಿ ಹೊತ್ತು ಹಿಡಿಯುವುದು ಅದೇ. ಒಬ್ಬರು ಅಮ್ಮತ್ತಿಯಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ, ಮೂರನೆಯವರು ಕೆನಡಾದಲ್ಲಿ.