ಟೇಬಲ್ ವ್ಯೂ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದೇಕೆ?

ಐಫೋನ್ ಆ್ಯಪ್‌ಗಳಲ್ಲಿ ಪಟ್ಟಿಯನ್ನು ತೋರಿಸುವ ಯುಐಟೇಬಲ್‌ವ್ಯೂ ಆ ಪಟ್ಟಿಯ ಮಾಹಿತಿಯನ್ನು ತನ್ನ ಬಳಿ ಇಟ್ಟುಕೊಳ್ಳುವುದಿಲ್ಲ. ಎಷ್ಟು ವಿಭಾಗಗಳಿವೆ, ಪ್ರತಿ ವಿಭಾಗದಲ್ಲಿ ಎಷ್ಟು ಸಾಲುಗಳಿವೆ, ಈ ಸಾಲಿಗೆ ಯಾವ ಸೆಲ್ (ಒಂದು ಸಾಲನ್ನು ತೋರಿಸುವ ಚೌಕಟ್ಟು) ಎಂಬ ಮೂರು ಪ್ರಶ್ನೆಗಳನ್ನು ಬೇಕಾದಾಗಲೆಲ್ಲ ಡೇಟಾ ಸೋರ್ಸ್‌ಗೆ, ಅಂದರೆ ಮಾಹಿತಿ ಒದಗಿಸಲು ನಾವು ಬರೆಯುವ ಕೋಡ್‌ಗೆ, ಕೇಳುತ್ತದೆ.

ನಾನು ಎಡವಿದ್ದು ಮೂರನೆಯ ಪ್ರಶ್ನೆಯಲ್ಲಿ. ಅದಕ್ಕೆ ಉತ್ತರಿಸುವ ಸೆಲ್‌ಫಾರ್‌ರೋಅಟ್ ಮೆಥಡ್ (ಕೋಡ್‌ನ ತುಣುಕು) ಎಂದರೆ ಮೇಲಿನಿಂದ ಕೆಳಗೆ, ಪ್ರತಿ ಸಾಲಿಗೆ ಒಂದೇ ಬಾರಿ ಓಡುವ ಲೂಪ್ ಎಂದು ಭಾವಿಸಿ, ನನ್ನದೇ ಒಂದು ಕೌಂಟರ್ ಇಟ್ಟು, ಕರೆ ಬಂದಾಗಲೆಲ್ಲ ಅದನ್ನು 1 ಹೆಚ್ಚಿಸಿ, ಆ ಸ್ಥಾನದ ಹೆಸರನ್ನು ಅರೇಯಿಂದ (ಹೆಸರುಗಳನ್ನು ಕ್ರಮವಾಗಿ ಇಟ್ಟ ಪಟ್ಟಿಯಿಂದ) ಓದಿಕೊಳ್ಳುತ್ತಿದ್ದೆ. ಮೊದಲ ಪರದೆ ಸರಿಯಾಗಿಯೇ ಕಂಡಿತು. ಆದರೆ ಕೆಳಗೆ ಸ್ಕ್ರೋಲ್ ಮಾಡಿ ಮರಳಿ ಮೇಲೆ ಬಂದಾಗ ಮೊದಲ ಸಾಲಿನಲ್ಲಿ ಬೇರೆ ಹೆಸರಿತ್ತು. ಹೀಗೆಯೇ ಮುಂದುವರಿಸಿದಾಗ ಕೌಂಟರ್ ಅರೇಯ ಗಡಿ ದಾಟಿ ಆ್ಯಪ್ ಕ್ರ್ಯಾಶ್ ಆಯಿತು.

ಪಟ್ಟಿಯಲ್ಲಿ 1000 ಸಾಲುಗಳಿದ್ದು, ಪರದೆಯಲ್ಲಿ 12 ಮಾತ್ರ ಹಿಡಿಯುತ್ತವೆ ಎಂದುಕೊಳ್ಳೋಣ. ಆಗ 1000 ಸೆಲ್‌ಗಳನ್ನು ಸೃಷ್ಟಿಸಿದರೆ ಮೆಮೊರಿ ವ್ಯರ್ಥವಾಗುವುದರಿಂದ, ಟೇಬಲ್ ವ್ಯೂ ಪರದೆಗೆ ಬೇಕಾದಷ್ಟನ್ನೇ ಕೇಳುತ್ತದೆ. ಸ್ಕ್ರೋಲ್ ಮಾಡಿದಾಗ 0ನೇ ಸಾಲು (ಎಣಿಕೆ 0ಯಿಂದ ಶುರುವಾಗುವುದರಿಂದ ಇದೇ ಮೊದಲ ಸಾಲು) ಮೇಲೆ ಮರೆಯಾಗುತ್ತದೆ, ಅದರ ಸೆಲ್ ಮರುಬಳಕೆಯ ಸರದಿಗೆ ಸೇರುತ್ತದೆ, ಮುಂದೆ ಕಾಣಬೇಕಾದ ಯಾವುದೋ ಸಾಲಿಗಾಗಿ ಅದೇ ಸೆಲ್‌ನಲ್ಲಿ ಹೊಸ ಹೆಸರನ್ನು ತುಂಬುತ್ತೇವೆ. ಈಗ ಮರಳಿ ಮೇಲೆ ಬಂದರೆ 0ನೇ ಸಾಲಿನಲ್ಲಿ ಏನಿತ್ತು ಎಂಬುದು ಟೇಬಲ್ ವ್ಯೂಗೆ ತಿಳಿದಿರುವುದಿಲ್ಲ, ಏಕೆಂದರೆ ಅದನ್ನು ತೋರಿಸಿದ್ದ ಸೆಲ್‌ನಲ್ಲಿ ಬೇರೆ ಸಾಲಿನ ಹೆಸರಿದೆ. ಆದ್ದರಿಂದಲೇ ಅದು ಮತ್ತೊಮ್ಮೆ ಕೇಳುತ್ತದೆ, ಮತ್ತು ಯಾವ ಸಾಲು ಎಂಬುದನ್ನು ಇಂಡೆಕ್ಸ್‌ಪಾತ್‌ನಲ್ಲಿ (ವಿಭಾಗ ಮತ್ತು ಸಾಲಿನ ಸಂಖ್ಯೆ ಇರುವ ಮೌಲ್ಯದಲ್ಲಿ) ತಾನೇ ತಿಳಿಸುತ್ತದೆ. ಈ ವಾಕ್ಯವನ್ನು ನಾನು ಮೂರು ಬಾರಿ ಬರೆದುಕೊಂಡ ಮೇಲೆಯೇ ವಿಷಯ ಮನಸ್ಸಿನಲ್ಲಿ ನಿಂತಿತು.

ಸಾಲುಗಳ ಸಂಖ್ಯೆಯನ್ನು ಕೇಳುವ ಮೆಥಡ್‌ಗೂ ಇಂತಿಷ್ಟೇ ಬಾರಿ ಎಂಬ ಲೆಕ್ಕವಿಲ್ಲ. ಪಟ್ಟಿಯನ್ನು ಹೊಸದಾಗಿ ತುಂಬಿಸಲು ಹೇಳುವ ರೀಲೋಡ್‌ಡೇಟಾ ಕರೆದ ಮೇಲೆ ಸಂಖ್ಯೆಯನ್ನು ಹೊಸದಾಗಿ ಕೇಳುತ್ತದೆ. ಸಾಲನ್ನು ಸೇರಿಸಿದಾಗಲೂ ಕೇಳಿ, ಹಳೆಯ ಸಂಖ್ಯೆಗೆ ಸೇರಿಸಿದ್ದನ್ನು ಕೂಡಿಸಿ ಅಳಿಸಿದ್ದನ್ನು ಕಳೆದರೆ ಹೊಸ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಪರಿಶೀಲಿಸುತ್ತದೆ. ತಾಳೆಯಾಗದಿದ್ದರೆ ಆ್ಯಪ್ ಅಲ್ಲಿಗೇ ನಿಲ್ಲುತ್ತದೆ.

ಈ ಮೆಥಡ್‌ಗಳನ್ನು ಬರೆಯುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಡೇಟಾ ಬದಲಾಗದೆ ಇದನ್ನು ನೂರು ಬಾರಿ ಕರೆದರೂ ಉತ್ತರ ಅದೇ ಬರುತ್ತದೆಯೇ? ಕೌಂಟರ್ ಈ ಪರೀಕ್ಷೆಯಲ್ಲಿ ಸೋಲುತ್ತದೆ, ಇಂಡೆಕ್ಸ್‌ಪಾತ್‌ನ ರೋ (ಸಾಲಿನ ಸಂಖ್ಯೆ) ಗೆಲ್ಲುತ್ತದೆ. ಬಳಕೆದಾರರು ಹುಡುಕಿದ ಪಠ್ಯಕ್ಕೆ ಹೊಂದುವ ಹೆಸರುಗಳನ್ನಷ್ಟೇ ಅರೇಯಿಂದ ಆರಿಸುವ (ಫಿಲ್ಟರ್ ಮಾಡುವ) ಕೋಡ್ ಈ ಮೆಥಡ್‌ಗಳಲ್ಲಿದ್ದರೆ, ಅದು ಈ ಪರೀಕ್ಷೆಯಲ್ಲಿ ಗೆದ್ದರೂ ಪ್ರತಿ ಕರೆಗೂ ಅದೇ ಕೆಲಸವನ್ನು ಪುನಃ ಮಾಡುತ್ತದೆ. ಹಾಗಾಗಿ ಅದನ್ನು ಹುಡುಕಾಟದ ಪಠ್ಯ ಬದಲಾಗುವ ಜಾಗಕ್ಕೆ ಒಯ್ದು, ಫಲಿತಾಂಶವನ್ನು ಬೇರೊಂದು ಅರೇಯಲ್ಲಿಟ್ಟು, ಆಮೇಲೆ ರೀಲೋಡ್‌ಡೇಟಾ ಕರೆಯುತ್ತಿದ್ದೇನೆ.