ರಾತ್ರಿ ಒಂಬತ್ತಕ್ಕೆ ಮನೆಯಿಂದ ಫೋನ್ ಬಂದರೆ

ಅಮೆರಿಕದ ಅಪಲೇಚಿಯನ್ ಟ್ರೈಲ್ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಲ್ಲಿ ಶುರುವಾಗುತ್ತದೆ. 14 ರಾಜ್ಯಗಳನ್ನು ದಾಟಿ ಮೇಯ್ನ್‌ನ ಕಟಾಡಿನ್ ಶಿಖರದಲ್ಲಿ ಮುಗಿಯುತ್ತದೆ. ಸುಮಾರು 3,500 ಕಿಲೋಮೀಟರ್ ದಾರಿ, 5ರಿಂದ 7 ತಿಂಗಳ ನಡಿಗೆ. ಪೂರ್ತಿ ನಡೆಯಬೇಕೆಂದು ಹೊರಟವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ಮಾತ್ರ ಕೊನೆ ಮುಟ್ಟುತ್ತಾರೆ.

ಈ ದಾರಿಯಲ್ಲಿ ರಾತ್ರಿ 9 ಗಂಟೆಗೆ ‘ಹೈಕರ್ ಮಿಡ್‌ನೈಟ್’ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಎಲ್ಲರೂ ಮಲಗಿರುತ್ತಾರೆ. ಆಗ ನಮ್ಮಲ್ಲಿ ಬೆಳಿಗ್ಗೆ ಆರೂವರೆ. ಮೈಸೂರಿನಲ್ಲೋ ಹಾಸನದಲ್ಲೋ ಅಮ್ಮ ಎದ್ದು, ಕಾಫಿ ಕುಡಿದು, ಆ ದಾರಿಯಲ್ಲಿ ನಡೆಯುತ್ತಿರುವ ಮಗಳಿಗೆ ಫೋನ್ ಮಾಡೋಣ ಅಂದುಕೊಳ್ಳುವ ಹೊತ್ತು. ಮಗಳಿಗೋ, ಮೈ ರಿಪೇರಿ ಆಗಬೇಕಾದ ಹೊತ್ತು.

ರಿಪೇರಿ ಅಂದರೆ ಏನು? ಇಳಿಜಾರಿನಲ್ಲಿ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹೊರುತ್ತದೆ. ಅದರ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಅದಕ್ಕೇ ಒಂದೆರಡು ದಿನ ಬಿಟ್ಟು ನೋವು ಜಾಸ್ತಿ. ಆದರೆ ಸ್ನಾಯು ಬೇಗ ಹೊಂದಿಕೊಳ್ಳುತ್ತದೆ. ನಿಜವಾಗಿ ತಡ ಮಾಡುವುದು ಮೂಳೆ.

ಹೊಸ ಭಾರ ಬಿದ್ದಾಗ ಮೂಳೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಹಳೆಯ ಭಾಗವನ್ನು ಕರಗಿಸುವ ಕೋಶಗಳು ಮೊದಲು ಬರುತ್ತವೆ. ಕಟ್ಟುವ ಕೋಶಗಳು ಆಮೇಲೆ. ಕರಗಿಸುವುದಕ್ಕೆ ಕೆಲವು ವಾರ ಸಾಕು, ಕಟ್ಟುವುದಕ್ಕೆ ತಿಂಗಳುಗಳು ಬೇಕು. ಹಾಗಾಗಿ ಮೊದಲ ಕೆಲವು ವಾರ ಪಾದದ ಮೂಳೆ ಮೊದಲಿಗಿಂತ ದುರ್ಬಲವಾಗಿರಬಹುದು. ಅದೇ ವಾರಗಳಲ್ಲಿ ಉಸಿರು, ಸ್ನಾಯು ಎರಡೂ ಚುರುಕಾಗಿ, ಇನ್ನೂ ಹತ್ತು ಕಿಲೋಮೀಟರ್ ನಡೆಯಬಲ್ಲೆ ಅನ್ನಿಸುತ್ತದೆ. ಹೊಸದಾಗಿ ಸೇರಿದ ಸೈನಿಕರ ಪಾದಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ಅದಕ್ಕೆ ‘ಮಾರ್ಚ್ ಫ್ರಾಕ್ಚರ್’, ಅಂದರೆ ಕವಾಯತಿನ ನಡಿಗೆಯ ಬಿರುಕು, ಎಂದೇ ಹೆಸರು.

ಇದಕ್ಕೆಲ್ಲ ಬೇಕಾದದ್ದು ಊಟ, ಬಿಡುವು, ನಿದ್ದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು ನಿದ್ದೆ ಹತ್ತಿದ ಮೊದಲ ಗಂಟೆಗಳಲ್ಲಿ, ಆಳದ ನಿದ್ದೆಯಲ್ಲಿ. 2013ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಕೆನೆತ್ ರೈಟ್ ತಂಡ 8 ಜನರನ್ನು ಒಂದು ವಾರ ಟಾರ್ಚ್ ಕೂಡ ಇಲ್ಲದೆ ಬೆಟ್ಟದಲ್ಲಿ ಬಿಡಾರ ಹೂಡಿಸಿತ್ತು. ಅವರ ಮೈಯೊಳಗಿನ ಗಡಿಯಾರ ಸುಮಾರು 2 ಗಂಟೆ ಬೇಗಕ್ಕೆ ಸರಿದು, ಸೂರ್ಯನ ಜೊತೆ ಹೊಂದಿಕೊಂಡಿತು. ಟ್ರೈಲ್‌ನಲ್ಲಿ ನಡೆಯುವವರಿಗೂ ಬೆಳಗಾದರೆ ಎಚ್ಚರ. ರಾತ್ರಿ ಹನ್ನೊಂದರವರೆಗೆ ಮಾತಾಡಿದರೆ, ಕಳೆದುಕೊಂಡ 2 ಗಂಟೆ ಬೆಳಿಗ್ಗೆ ವಾಪಸ್ ಸಿಗುವುದಿಲ್ಲ.

ಊರಿಗೆ ಇಳಿದು ಒಂದು ಹೆಜ್ಜೆಯೂ ನಡೆಯದ ‘ಜೀರೋ ಡೇ’ಗೂ ಇದೇ ಪಾಡು. ಕಾಲಿಗೆ ರಜೆ ಸಿಗುತ್ತದೆ. ಆದರೆ ನಾಲ್ಕು ದಿನದ ಮೆಸೇಜು ಒಟ್ಟಿಗೆ ಬಂದು ಬೀಳುತ್ತದೆ. ಪರದೆಯ ಬೆಳಕಿಗಿಂತ ಈ ಮಾತುಕತೆಯೇ ನಿದ್ದೆಯನ್ನು ಜಾಸ್ತಿ ತಿನ್ನುತ್ತದೆ ಅಂತ ನನಗನ್ನಿಸುತ್ತದೆ.

ಹಾಗಂತ ಫೋನ್ ಬಂದ್ ಮಾಡಿ ಅನ್ನುವುದು ಸರಿಯಲ್ಲ. ತಿಂಗಳುಗಟ್ಟಲೆ ಒಂಟಿಯಾಗಿ ನಡೆಯುವವರಿಗೆ ಮನೆಯವರ ದನಿ ಬೇಕೇ ಬೇಕು. ಮನೆಯ ಚಿಂತೆ ಹತ್ತಿದರೂ ನಿದ್ದೆ ಬರುವುದಿಲ್ಲ, ಅಲ್ವಾ? ಮಾತಿನ ಹೊತ್ತು ಬದಲಾದರೆ ಸಾಕು. ಅಲ್ಲಿ ಬೆಳಿಗ್ಗೆ 6 ಅಂದರೆ ಇಲ್ಲಿ ಮಧ್ಯಾಹ್ನ ಮೂರೂವರೆ. ಅವಳ ನಿದ್ದೆ ಮುಗಿದಿರುತ್ತದೆ, ಅಮ್ಮನ ಮನೆಕೆಲಸವೂ ಮುಗಿದಿರುತ್ತದೆ. ವಾರಕ್ಕೆ ಒಂದೆರಡು ಸಲ, ಸಿಗ್ನಲ್ ಸಿಗುವ ಕಡೆ, ಮನಸಾರೆ ಮಾತಾಡಬಹುದು.

ಉಳಿದ ದಿನಗಳಿಗೆ ‘ಚೆನ್ನಾಗಿದ್ದೇನೆ’ ಎಂಬ ಒಂದು ಸಾಲು ಸಾಕು. ಕಾಡಿನಲ್ಲಿ ಮೊಬೈಲು ಸುಮ್ನೆ ಟವರ್ ಹುಡುಕುತ್ತಾ ಬ್ಯಾಟರಿ ಖಾಲಿ ಮಾಡುತ್ತದೆ. ಅದನ್ನು ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ಪುಟ್ಟ ಸ್ಯಾಟಲೈಟ್ ಮೆಸೆಂಜರ್ ಬಳಸುವವರು ಬಹಳ. ಇಂಥ ಹಲವು ಸಾಧನಗಳು ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಇರಿಡಿಯಮ್ ಕಂಪನಿಯ 66 ಉಪಗ್ರಹಗಳನ್ನು ನಂಬಿವೆ. ದಟ್ಟ ಮರ, ಆಳದ ಕಣಿವೆ ಅಡ್ಡ ಬಂದರೆ ಸಂದೇಶ ತಡವಾಗುತ್ತದೆ. ಎಷ್ಟು ಗಂಟೆ ಸುದ್ದಿ ಇಲ್ಲದಿದ್ದರೆ ಗಾಬರಿಯಾಗಬೇಕು, ಆಗ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಹೊರಡುವ ಮೊದಲೇ ಮನೆಯವರ ಜೊತೆ ಕೂತು ಬರೆದಿಡಿ.

ಒಂದು ಎಚ್ಚರಿಕೆ. ಭಾರತದಲ್ಲಿ ಅನುಮತಿ ಇಲ್ಲದೆ ಇಂಥ ಸಾಧನ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅಮೆರಿಕದಿಂದ ಬಂದು ಹಿಮಾಲಯ ಹತ್ತುವವರು ಅದನ್ನು ಅಲ್ಲೇ ಬಿಟ್ಟು ಬರಬೇಕು.