ಹೊಲದ ಮೇಲಿನ ಚಾರ್ಜು

ಅನುವಾದದ ಕೆಲಸಕ್ಕೆ ಇಳಿದ ಹೊಸತರಲ್ಲಿ ಧಾರವಾಡದ ಕಡೆಯ ಒಂದು ಸಹಕಾರ ಸಂಘದ ಸಾಲಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದೆ. ಸಾಲಗಾರನ ಜಮೀನಿನ ಮೇಲೆ ‘ಚಾರ್ಜ್’ ಇರತಕ್ಕದ್ದು ಎಂಬ ಸಾಲು ಬಂತು. ನಿಘಂಟಿನಲ್ಲಿ ಮೊದಲು ಕಣ್ಣಿಗೆ ಬಿದ್ದ ‘ಶುಲ್ಕ’ವನ್ನೇ ಎತ್ತಿ ಹಾಕಿ ಮುಗಿಸಿದೆ. ಸಹಿ ಹಾಕಲು ಬಂದ ಹಿರಿಯ ರೈತರೊಬ್ಬರು ಕಾಗದ ಓದಿಸಿಕೊಂಡು, “ಅಲ್ರೀ ಸರ, ಸಾಲಾನೂ ತೀರಸ್ಬೇಕು, ಮ್ಯಾಲ ಹೊಲಕ್ಕ ಶುಲ್ಕಾನೂ ಕಟ್ಟಬೇಕೇನ್ರಿ?” ಅಂದರು. ಹಾಗಲ್ಲ, ಸಾಲ ತೀರುವ ತನಕ ಹೊಲ ಅದಕ್ಕೆ ಹೊಣೆ ಎಂದು ವಿವರಿಸಿದೆ. “ಹಂಗಂದ್ರ ಬೋಜಾ ಅನ್ರೀ. ಉತಾರದಾಗ ಏರಸ್ತಾರಲ್ಲ, ಅದ.”

ಉತಾರ ಎಂದರೆ ಜಮೀನಿನ ಪಹಣಿ, ಬೋಜಾ ಎಂದರೆ ಹೊರೆ. ಚಾರ್ಜ್ ಹುಟ್ಟಿದ್ದೂ ಹೊರೆಯಿಂದಲೇ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಲ್ಯಾಟಿನ್‌ನಲ್ಲಿ ‘ಕಾರ್ರುಸ್’ ಅಂದರೆ ಗಾಡಿ. ಗಾಡಿಗೆ ಸರಕು ಹೇರುವ ಕ್ರಿಯಾಪದ ಅದರಿಂದ ಬಂತು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಚಾರ್ಜ್ ಆಗಿ ಇಳಿಯಿತು. ಕಾರು, ಕಾರ್ಗೋ ಎರಡೂ ಅದೇ ಬಳ್ಳಿಯ ಕಾಯಿಗಳು. ಈಗ ಈ ಪದ ಎದುರಾದಾಗಲೆಲ್ಲ ನಾನು ಮೊದಲು ನೋಡುವುದು ಇಷ್ಟೇ: ಯಾರು, ಯಾರ ಮೇಲೆ, ಏನನ್ನು ಹೇರುತ್ತಿದ್ದಾರೆ?

ಹೊಲದ ವಿಷಯದಲ್ಲಿ ಇದು ಬರೀ ಪದದ ತಕರಾರಲ್ಲ. ಚಾರ್ಜನ್ನು ‘ಅಡಮಾನ’ ಎಂದು ಬರೆಯುವವರೂ ಇದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದೆ. ಅಡಮಾನದಲ್ಲಿ ಸ್ವತ್ತಿನ ಮೇಲಿನ ಹಿತಾಸಕ್ತಿಯ ಒಂದು ಪಾಲು ಸಾಲ ಕೊಟ್ಟವನಿಗೆ ವರ್ಗವಾಗುತ್ತದೆ. 100ನೇ ಕಲಮಿನ ಚಾರ್ಜಿನಲ್ಲಿ ಹಾಗೆ ಏನೂ ವರ್ಗವಾಗುವುದಿಲ್ಲ. ಸ್ವತ್ತು ಬಾಕಿ ಹಣಕ್ಕೆ ಭದ್ರತೆಯಾಗಿ ನಿಲ್ಲುತ್ತದೆ, ಅಷ್ಟೆ. ಚಿನ್ನ ಇಟ್ಟು ತರುವ ಸಾಲ ಇವೆರಡೂ ಅಲ್ಲ, ಅದು ಗಿರವಿ. ಕಚೇರಿ ಕನ್ನಡದಲ್ಲಿ ನಾನು ಚಾರ್ಜಿಗೆ ‘ಋಣಭಾರ’ ಎಂದು ಬರೆಯುತ್ತೇನೆ, ಪಕ್ಕದಲ್ಲಿ ‘ಬೋಜಾ’ ಎಂದೂ ಸೇರಿಸುತ್ತೇನೆ. ಕೆಲವು ಅಧಿಕಾರಿಗಳು ಅದನ್ನು ಹೊಡೆದುಹಾಕುತ್ತಾರೆ. ಓದುವವನಿಗೆ ತಿಳಿಯುವ ಪದ ಕಾಗದದ ಘನತೆಗೆ ಯಾಕೆ ಕಡಿಮೆಯೋ!

ಕೋರ್ಟಿಗೆ ಬಂದರೆ ಕನ್ನಡ ತಾನಾಗಿಯೇ ಹೊರೆಯ ಮಾತಾಡುತ್ತದೆ. ನಾವು ಆರೋಪ ‘ಹೊರಿಸುತ್ತೇವೆ’. ಆರೋಪ ಎಂಬ ಸಂಸ್ಕೃತ ಪದಕ್ಕೂ ಏರಿಸುವುದು ಎಂದೇ ಅರ್ಥ. ತೊಡಕಿರುವುದು ಸಮಾನಾರ್ಥಕಗಳಲ್ಲಿ. ಯಾರೋ ದೂರು ಕೊಟ್ಟಾಗ ಇರುವುದು ಆಪಾದನೆ. ಪೊಲೀಸರು ತನಿಖೆ ಮುಗಿಸಿ ಸಲ್ಲಿಸುವುದು ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ. ಅದನ್ನು ನೋಡಿ, ವಾದ ಕೇಳಿ, ಇಂಥ ಕಲಮಿನಡಿ ವಿಚಾರಣೆ ನಡೆಯಲಿ ಎಂದು ನ್ಯಾಯಾಲಯ ನಿಗದಿ ಮಾಡುವುದೇ ಕಾನೂನಿನ ಕಣ್ಣಲ್ಲಿ ‘ಚಾರ್ಜ್’. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದರೂ ಈ ಮೆಟ್ಟಿಲುಗಳು ಹಾಗೇ ಉಳಿದಿವೆ. ಚಾರ್ಜ್‌ಶೀಟ್ ಬಿದ್ದ ದಿನವೇ ‘ಕೋರ್ಟ್ ಆರೋಪ ಹೊರಿಸಿತು’ ಎಂದು ಬರೆದರೆ, ಪೊಲೀಸರ ಮಾತನ್ನು ನ್ಯಾಯಾಧೀಶರ ಬಾಯಿಗೆ ತುರುಕಿದಂತಾಗುತ್ತದೆ.

‘ಇನ್‌ಚಾರ್ಜ್’ನಲ್ಲಿ ಮಾತ್ರ ಕನ್ನಡ ಇಂಗ್ಲಿಷಿಗಿಂತ ಚುರುಕು. ಕಾಲೇಜಿನ ಇನ್‌ಚಾರ್ಜ್ ಪ್ರಾಂಶುಪಾಲರೆಂದರೆ ಕಾಯಂ ಪ್ರಾಂಶುಪಾಲರು ಬರುವವರೆಗೆ ಕುರ್ಚಿ ಕಾಯುವವರು, ‘ಪ್ರಭಾರ’. ಜಿಲ್ಲೆಯ ಇನ್‌ಚಾರ್ಜ್ ಮಂತ್ರಿ ಹಾಗಲ್ಲ, ಅವರು ‘ಉಸ್ತುವಾರಿ’. ಉಸ್ತುವಾರಿ ಸಚಿವರನ್ನು ಪ್ರಭಾರ ಸಚಿವರೆಂದು ಬರೆದು ನೋಡಿ, ಫೋನ್ ಬರುತ್ತದೆ.

ದುಡ್ಡಿನ ಲೆಕ್ಕದಲ್ಲಿ ಇದು ತಿರುಗುಮುರುಗು. ಇಂಗ್ಲಿಷಿನವರು ಬಸ್ಸಿಗೆ ಫೇರ್, ವಕೀಲರಿಗೆ ಫೀ, ಹೆದ್ದಾರಿಗೆ ಟೋಲ್ ಎಂದು ಎಣಿಸಿ ಎಣಿಸಿ ಬೇರೆ ಮಾಡುತ್ತಾರೆ. ನಾವು ಬಸ್ ಚಾರ್ಜು, ಆಟೋ ಚಾರ್ಜು ಎಂದು ಒಂದರಲ್ಲೇ ಮುಗಿಸುತ್ತೇವೆ. ಮೊಬೈಲನ್ನು ಚಾರ್ಜಿಗೆ ‘ಹಾಕುತ್ತೇವೆ’, ಆದರೆ ರೀಚಾರ್ಜನ್ನು ಬಿಟ್ಟು ‘ಕರೆನ್ಸಿ ಹಾಕಿಸುತ್ತೇವೆ’. ಕರೆನ್ಸಿಯ ಈ ಅರ್ಥ ಲಂಡನ್ನಿನವರಿಗೆ ತಿಳಿಯಲಾರದು.

ಮೊಬೈಲಿನ ಈ ಚಾರ್ಜ್ ಬಂದೂಕಿನ ಸಹವಾಸದಿಂದ ಬಂದದ್ದು. ನಳಿಗೆಗೆ ಮದ್ದು ತುಂಬುವುದನ್ನೂ ಚಾರ್ಜ್ ಎನ್ನುತ್ತಿದ್ದರು. 1740ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತಿನ ಪ್ರಯೋಗಗಳ ಬಗ್ಗೆ ಬರೆದ ಪತ್ರಗಳಲ್ಲಿ ವಿದ್ಯುತ್ತನ್ನು ಕೂಡಿಡುವ ಗಾಜಿನ ಲೇಡನ್ ಜಾಡಿಗೂ ಅದೇ ಪದ ಬಂತು. ಜಾಡಿಗಳ ಸಾಲನ್ನು ‘ಬ್ಯಾಟರಿ’ ಎಂದವರೂ ಅವರೇ, ಅದು ಫಿರಂಗಿಗಳ ಸಾಲಿನ ಹೆಸರು. ನಮ್ಮ ಪಠ್ಯಪುಸ್ತಕ ಇದನ್ನು ‘ಆವೇಶ’ ಎಂದು ಕರೆದು, ಧನ ಆವೇಶ, ಋಣ ಆವೇಶ ಎಂದು ಎರಡು ಮಾಡಿತು. ಜಾತ್ರೆಯಲ್ಲಿ ಮೈಮೇಲೆ ಬರುವುದನ್ನು ಕಂಡ ಮಕ್ಕಳಿಗೆ ಎಲೆಕ್ಟ್ರಾನಿನ ಋಣ ಆವೇಶ ಹೇಗೆ ಕೇಳಿಸುತ್ತದೋ. ಪಾಠ ಮಾಡುವಾಗ ಮೇಷ್ಟ್ರುಗಳೂ ‘ನೆಗೆಟಿವ್ ಚಾರ್ಜ್’ ಅಂತಲೇ ಅನ್ನುತ್ತಾರೆ.

ಇನ್ನು ಹೊರೆ ಇಳಿಸುವುದು, ಡಿಸ್ಚಾರ್ಜ್. ಆಸ್ಪತ್ರೆಯದನ್ನು ಯಾರೂ ಅನುವಾದಿಸುವುದಿಲ್ಲ, ಬೇಕಾಗಿಯೂ ಇಲ್ಲ. ಕೋರ್ಟಿನದನ್ನು ‘ಖುಲಾಸೆ’ ಎಂದು ಬರೆದ ಕರಡು ತಿಂಗಳಿಗೊಂದಾದರೂ ನನ್ನ ಮೇಜಿಗೆ ಬರುತ್ತದೆ. ಖುಲಾಸೆ ಸಿಗುವುದು ವಿಚಾರಣೆ ಮುಗಿದ ಮೇಲೆ. ವಿಚಾರಣೆಗೆ ಸಾಕಷ್ಟು ಆಧಾರವೇ ಇಲ್ಲವೆಂದು ಮೊದಲೇ ಕೈಬಿಟ್ಟರೆ ಅದು ಡಿಸ್ಚಾರ್ಜ್, ಅದಕ್ಕೆ ನಾನು ‘ಆರೋಪಮುಕ್ತ’ ಎಂದು ತಿದ್ದುತ್ತೇನೆ. ಸಾಲದ ಡಿಸ್ಚಾರ್ಜಿಗೆ ಮಾತ್ರ ನಿಘಂಟು ತೆರೆಯುವುದಿಲ್ಲ: ಬೋಜಾ ಕಡಿಮೆ ಮಾಡಲಾಗಿದೆ.